ಬ್ಯಾಟ್ ಸೀಳಿದೆಯೇ? ಒಲೆಗೆ ಹಾಕುವ ಮುಂಚೆ ಒಮ್ಮೆ ನೋಡಿ

ಹಿಂಗಾರಿ ರಾಶಿ ಮುಗಿದು ಹೊಲ ಖಾಲಿಯಾಯಿತೆಂದರೆ ಕೊಪ್ಪಳ ಜಿಲ್ಲೆಯ ತಾವರಗೇರಾ ಸುತ್ತಮುತ್ತ ಹುಡುಗರು ಪಿಚ್ ಕೆರೆಯಲು ಶುರು ಮಾಡುತ್ತಾರೆ. ಬ್ಯಾಟುಗಳು ಸೀಳುವುದೂ ಅದೇ ದಿನಗಳಲ್ಲಿ. ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಒಣಗಿದ ಮರಕ್ಕೆ ಕಾರ್ಕ್ ಚೆಂಡಿನ ಏಟು ಬಿದ್ದರೆ ಅಂಚು ಸಿಡಿಯುತ್ತದೆ, ಇಲ್ಲವೇ ತುದಿ ಬಿರಿಯುತ್ತದೆ. ಆಗ ಒಬ್ಬ ಮೊಳೆ ಹುಡುಕುತ್ತಾನೆ, ಇನ್ನೊಬ್ಬ ಫೆವಿಕ್ವಿಕ್ ತರಲು ಓಡುತ್ತಾನೆ. ಎರಡರಿಂದಲೂ ಬ್ಯಾಟ್ ನಾಲ್ಕು ಮ್ಯಾಚ್ ಬಾಳುವುದು ಕಷ್ಟ. ಸರಿಯಾದ ಅಂಟು ಹಚ್ಚಿ, ಬಿಗಿಯಾಗಿ ಕಟ್ಟಿ, ಒಂದು ದಿನ ಮುಟ್ಟದೆ ಇಟ್ಟರೆ ಅದೇ ಬ್ಯಾಟ್ ಇನ್ನೊಂದು ಬೇಸಿಗೆ ಆಡುತ್ತದೆ. ಖರ್ಚು ಇನ್ನೂರು ರೂಪಾಯಿ ಆಸುಪಾಸು.

ಮೊದಲು ಬ್ಯಾಟ್ ಹೇಗೆ ಮಾಡಿರುತ್ತಾರೆ ಅನ್ನುವುದು ತಿಳಿದಿರಲಿ. ರಿಪೇರಿಯ ಅರ್ಧ ಬುದ್ಧಿ ಅದರಲ್ಲೇ ಇದೆ. ಚೆಂಡು ಹೊಡೆಯುವ ಅಗಲ ಭಾಗ ಬ್ಲೇಡ್, ಅಂದರೆ ಅಲಗು. ಒಳ್ಳೆಯ ಬ್ಯಾಟಿನಲ್ಲಿ ಅದು ವಿಲೋ ಎಂಬ ಹಗುರ, ಮೆತ್ತನೆಯ ಮರ. ಇಂಗ್ಲೆಂಡಿನಲ್ಲಿ ಬೆಳೆದದ್ದು ಇಂಗ್ಲಿಷ್ ವಿಲೋ. ಕಾಶ್ಮೀರದ ಅನಂತನಾಗ ಜಿಲ್ಲೆಯ ಸಂಗಮ ಕಡೆಯಿಂದ ಬರುವುದು ಕಾಶ್ಮೀರ ವಿಲೋ. ಅದು ಕೊಂಚ ಗಟ್ಟಿ, ಕೊಂಚ ತೂಕ, ಬೆಲೆ ಕಡಿಮೆ. 2021ರ ಟಿ20 ವಿಶ್ವಕಪ್‌ನಲ್ಲಿ ಒಮಾನ್ ತಂಡದ ಕೆಲವರು ಕಾಶ್ಮೀರ ವಿಲೋ ಬ್ಯಾಟ್ ಹಿಡಿದು ಆಡಿದ್ದರು, ಆದ್ದರಿಂದ ಅದನ್ನು ಹಗುರವಾಗಿ ಕಾಣಬೇಕಿಲ್ಲ. ನಮ್ಮ ಸಂತೆ ಅಂಗಡಿಗಳಲ್ಲಿ ‘ಪಾಪ್ಯುಲರ್ ವಿಲೋ’ ಅಂತ ಮಾರುವುದು ಹೆಚ್ಚಾಗಿ ಪಾಪ್ಲರ್ ಎಂಬ ಬೇರೆಯೇ ಮರ. ಅದಕ್ಕೆ ದುಡ್ಡು ಸುರಿದು ದೊಡ್ಡ ರಿಪೇರಿ ಮಾಡುವುದು ದಂಡ. ಸಣ್ಣ ಸೀಳಿಗೆ ಅಂಟು ಹಾಕಿ ಆಡಿ, ಅಷ್ಟೇ.

ಹಿಡಿ ವಿಲೋದ್ದಲ್ಲ. ಅದು ಬೆತ್ತ. ಬೆತ್ತದ ಪಟ್ಟಿಗಳ ನಡುವೆ ರಬ್ಬರ್ ಇಟ್ಟು ಅಂಟಿಸಿರುತ್ತಾರೆ, ಏಟಿನ ಜುಮ್ಮು ಕೈಗೆ ಪೂರ್ತಿ ಬಾರದಿರಲಿ ಎಂದು. ಈ ಹಿಡಿಯ ಕೆಳತುದಿಯನ್ನು ಬೆಣೆಯ ಹಾಗೆ ಕೆತ್ತಿ ಬ್ಲೇಡಿನೊಳಗೆ ಕೂರಿಸುತ್ತಾರೆ. ಆ ಕೂಡಿಕೆಗೆ ಸ್ಪ್ಲೈಸ್ ಎನ್ನುತ್ತಾರೆ. ಬ್ಯಾಟಿನ ಹೆಗಲ ಕೆಳಗೆ ‘ವಿ’ ಆಕಾರದ ಗೆರೆ ಕಾಣುತ್ತದಲ್ಲ, ಅದೇ. ಅಲ್ಲಿ ಮೊಳೆ ಇಲ್ಲ, ಸ್ಕ್ರೂ ಇಲ್ಲ, ಬರೀ ಅಂಟು. ಕಾರ್ಖಾನೆಯವರೇ ಅಂಟನ್ನು ಅಷ್ಟು ನಂಬಿದ್ದಾರೆ.

ಬ್ಲೇಡಿನ ಎಳೆಗಳು ಹಿಡಿಯಿಂದ ತುದಿಯವರೆಗೆ ಉದ್ದಕ್ಕೆ ಓಡುತ್ತವೆ. ಕಬ್ಬಿನ ಜಲ್ಲೆ ಉದ್ದಕ್ಕೆ ಸುಲಭವಾಗಿ ಸೀಳುತ್ತದೆ, ಅಡ್ಡ ಮುರಿಯಲು ಮೊಣಕಾಲು ಬೇಕಾಗುತ್ತದೆ, ಬ್ಯಾಟೂ ಹಾಗೆಯೇ. ಬಿರುಕು ಎಳೆಯ ಗುಂಟ ಉದ್ದಕ್ಕೆ ಹೋಗಿದ್ದರೆ ಅಲ್ಲಿ ಎಳೆ ಕಡಿದಿಲ್ಲ, ಒಂದರಿಂದ ಒಂದು ಬಿಟ್ಟಿವೆ ಅಷ್ಟೇ. ಅಂಟು ಅವನ್ನು ಮತ್ತೆ ಕೂಡಿಸುತ್ತದೆ. ಬಿರುಕು ಅಡ್ಡಲಾಗಿ ಹೋಗಿದ್ದರೆ ಎಳೆಗಳೇ ತುಂಡಾಗಿವೆ. ಅದಕ್ಕೆ ಯಾವ ಅಂಟೂ ಸಾಲದು. ಬೆನ್ನಿನ ಮೇಲೆ ಅಡ್ಡಗೆರೆ ಎದ್ದು, ಬಗ್ಗಿಸಿದಾಗ ಬಾಯಿ ತೆರೆದರೆ ಆ ಬ್ಯಾಟಿನ ಆಸೆ ಬಿಡಿ. ಬಳಸಿದರೆ ಅರ್ಧ ಬ್ಲೇಡ್ ಹಾರಿ ಪಕ್ಕದಲ್ಲಿ ನಿಂತವರಿಗೆ ಬಡಿಯಬಹುದು.

ಹಾಗಾದರೆ ಕಂಡ ಗೆರೆಗಳನ್ನೆಲ್ಲ ರಿಪೇರಿ ಮಾಡಬೇಕೇ? ಬೇಡ. ಬ್ಯಾಟಿನ ಮುಖದ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಬಂದರೆ ಮರ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ವಿಲೋ ಮೆತ್ತಗಿನ ಮರ, ಪೆಟ್ಟು ತಿಂದು ಕೊಂಚ ಬಿರಿಯುವುದು ಅದರ ಗುಣ. ಉಗುರಿನಿಂದ ಗೆರೆಯ ಮೇಲೆ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಹಾಗೇ ಬಿಡಿ. ಸಿಕ್ಕಿಕೊಂಡರೆ, ಬಿರುಕಿನ ಎರಡೂ ಪಕ್ಕ ಹೆಬ್ಬೆರಳಿಟ್ಟು ಅಗಲಿಸಿ ನೋಡಿ. ಬಾಯಿ ತೆರೆದು ಮುಚ್ಚುತ್ತಿದ್ದರೆ ರಿಪೇರಿಗೆ ಬಂದಿದೆ. ಗೆಣ್ಣಿನಿಂದ ಕುಟ್ಟಿ ಸದ್ದನ್ನೂ ಕೇಳಬಹುದು. ಗಟ್ಟಿ ಜಾಗ ಟಕ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡ ಜಾಗ ಡಬ್ ಎಂದು ಪೊಳ್ಳು ಸದ್ದು ಕೊಡುತ್ತದೆ.

ಮನೆಯಲ್ಲೇ ಮಾಡಬಹುದಾದ ರಿಪೇರಿಗಳು ಮೂರು ಜಾಗದವು. ಒಂದು, ಅಂಚಿನಲ್ಲಿ ಚಕ್ಕೆ ಎದ್ದಿರುವುದು. ಎರಡು, ತುದಿಯಿಂದ ಮೇಲಕ್ಕೆ ಸೀಳಿರುವುದು. ತುದಿಗೆ ಟೋ ಅನ್ನುತ್ತಾರೆ, ಯಾರ್ಕರ್ ಬೀಳುವುದು ಅಲ್ಲಿಗೆ, ನೆಲಕ್ಕೆ ಕುಟ್ಟುವುದೂ ಅದನ್ನೇ. ಮೂರು, ಹಿಡಿಯ ಕೂಡಿಕೆ ಸ್ವಲ್ಪ ಸಡಿಲಾಗಿರುವುದು.

ಅಂಟಿನ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಗೊಂದಲ ಆಗುವುದು ಇಲ್ಲೇ. ಬಿಳಿ ಅಂಟು, ಅಂದರೆ ಬಡಿಗೇರರು ಬಳಸುವ ಫೆವಿಕಾಲ್, ಮರದ ಎಳೆಯೊಳಗೆ ಇಂಗಿ ಹಿಡಿಯುತ್ತದೆ. ಬಿರುಕಿನ ಎರಡು ಬಾಯಿ ಸಂದಿಲ್ಲದೆ ಕೂಡುವಂತಿದ್ದರೆ ಇದೇ ಒಳ್ಳೆಯದು, ಅಗ್ಗವೂ ಹೌದು. ನೀರಿಗೆ ತಡೆಯುವ ‘ಮರೈನ್’ ಜಾತಿಯದು ಸಿಕ್ಕರೆ ಅದನ್ನೇ ಕೇಳಿ, ಇಬ್ಬನಿ ಹುಲ್ಲಿನ ಮೇಲೆ ಆಡಿದರೂ ಮೆತ್ತಗಾಗುವುದಿಲ್ಲ. ಆದರೆ ಬಿಳಿ ಅಂಟಿಗೆ ಸಂದು ತುಂಬುವ ಶಕ್ತಿ ಇಲ್ಲ. ಚಕ್ಕೆ ಹಾರಿಹೋಗಿ ಗುಂಡಿ ಬಿದ್ದಿದ್ದರೆ ಎಪಾಕ್ಸಿ ಬೇಕು. ಅದು ಎರಡು ಟ್ಯೂಬಿನಲ್ಲಿ ಬರುವ ಅಂಟು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್. ಅರಾಲ್ಡೈಟ್ ಅಂದರೆ ಎಲ್ಲ ಹಾರ್ಡ್‌ವೇರ್ ಅಂಗಡಿಯವರಿಗೂ ಗೊತ್ತು. ಐದು ನಿಮಿಷದಲ್ಲಿ ಗಟ್ಟಿಯಾಗುವುದನ್ನು ಬಿಟ್ಟು, ನಿಧಾನಕ್ಕೆ ಗಟ್ಟಿಯಾಗುವುದನ್ನು ತನ್ನಿ. ಬಿರುಕಿನ ಒಳತನಕ ಇಳಿಯಲು ಅದಕ್ಕೆ ಸಮಯ ಸಿಗುತ್ತದೆ.

‘ಫೆವಿಕ್ವಿಕ್ ಹಚ್ಚಿದ್ರ ಆಗಂಗಿಲ್ಲೇನ್ರಿ? ಐದು ರೂಪಾಯಿದಾಗ ಮುಗೀತದ’ ಅನ್ನುವವರು ಬಹಳ. ಮುಖದ ಮೇಲಿನ ಸಣ್ಣ ಗೆರೆಗೆ ಅದು ನಡೆಯುತ್ತದೆ. ಅಂಚಿಗೆ, ತುದಿಗೆ ನಡೆಯುವುದಿಲ್ಲ. ಒಣಗಿದ ಮೇಲೆ ಅದು ಗಾಜಿನಂತೆ ಪೆಡಸಾಗುತ್ತದೆ. ಏಟು ಬಿದ್ದಾಗ ಮರ ಬಾಗುತ್ತದೆ, ಅಂಟು ಬಾಗುವುದಿಲ್ಲ, ಬಿರುಕು ಮತ್ತೆ ಬಿಡುತ್ತದೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ಅಂಟು ಕುಡಿದ ಮರ ಮುಂದೆ ಬೇರೆ ಅಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇನ್ನೊಂದು ಎಚ್ಚರ: ಚೆಲ್ಲಿದ ಫೆವಿಕ್ವಿಕ್ ಅನ್ನು ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಗೆ ತಾಗಿದರೆ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ.

ಮೊಳೆಯಂತೂ ಬೇಡವೇ ಬೇಡ. ಎಳೆ ಬಿಟ್ಟ ಜಾಗದಲ್ಲಿ ಮೊಳೆ ಹೊಡೆದರೆ ಅದೇ ಬೆಣೆಯಾಗಿ ಬಿರುಕನ್ನು ಇನ್ನೊಂದು ಗೇಣು ಮುಂದಕ್ಕೆ ಓಡಿಸುತ್ತದೆ. ನಿಯಮವೂ ಒಪ್ಪುವುದಿಲ್ಲ. ಕ್ರಿಕೆಟ್ ನಿಯಮಾವಳಿಯ 5ನೇ ನಿಯಮ ಬ್ಯಾಟಿನದು. ಒಡೆದ ಬ್ಲೇಡಿನೊಳಗೆ ರಿಪೇರಿಗಾಗಿ ಏನಾದರೂ ಕೂರಿಸುವುದಿದ್ದರೆ ಅದು ಮರವೇ ಆಗಿರಬೇಕು, ಜೊತೆಗೆ ಬೇಕಾದಷ್ಟೇ ಅಂಟು. ಹಳಬರು ಕೆಲವರು ಬಿದಿರಿನ ಕಡ್ಡಿ ಕೂರಿಸುತ್ತಾರೆ. ಊರ ಆಟಕ್ಕೆ ಅಡ್ಡಿಯಿಲ್ಲ. ಆದರೆ 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಬಿದಿರಿನ ಬ್ಯಾಟ್ ಮಾಡಿ ತೋರಿಸಿದಾಗ ನಿಯಮ ಕಾಯುವ ಎಂಸಿಸಿ ಕ್ಲಬ್ ಒಪ್ಪಲಿಲ್ಲ. ಬಿದಿರು ಹುಲ್ಲಿನ ಜಾತಿ, ಮರ ಅಲ್ಲ ಎಂಬುದು ಅದರ ತಕರಾರು!

ಈಗ ಕೆಲಸಕ್ಕೆ ಕೂರೋಣ. ತುದಿಯಿಂದ ಮೇಲಕ್ಕೆ ಸೀಳಿದ ಬ್ಯಾಟನ್ನೇ ತೆಗೆದುಕೊಳ್ಳಿ, ನಮ್ಮ ಕಡೆ ಹೆಚ್ಚು ಬರುವುದು ಅದೇ.

ಮೊದಲು ಹಳೆಯ ಟೇಪ್, ಸ್ಟಿಕ್ಕರ್ ಎಲ್ಲ ಕಿತ್ತು ಹಾಕಿ. ಬಿರುಕಿನೊಳಗೆ ಮಣ್ಣು ಸೇರಿರುತ್ತದೆ. ಅದನ್ನು ತೆಗೆಯದೆ ಅಂಟು ಹಾಕಿದರೆ ಮಣ್ಣಿಗೆ ಅಂಟು ಹಾಕಿದ ಹಾಗೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ನೀರಿನಿಂದ ತೊಳೆಯಬೇಡಿ. ಬ್ಯಾಟಿಗೆ ಪಸೆ ಇದ್ದರೆ ನೆರಳಲ್ಲಿ, ಗಾಳಿ ಆಡುವ ಕಡೆ ಎರಡು ದಿನ ನಿಲ್ಲಿಸಿ. ಬೇಗ ಒಣಗಲಿ ಎಂದು ಮಾಳಿಗೆ ಮೇಲಿನ ಬಿಸಿಲಿಗೆ ಇಟ್ಟರೆ ಇನ್ನೆರಡು ಬಿರುಕು ಹೊಸದಾಗಿ ಬರುತ್ತವೆ. ಎಣ್ಣೆಯನ್ನಂತೂ ಈಗ ಮುಟ್ಟಲೇಬೇಡಿ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ರಿಪೇರಿ ಕೆಡುವುದಕ್ಕೆ ಮುಖ್ಯ ಕಾರಣವೇ ಇದು, ಎಣ್ಣೆ ಹಚ್ಚಿದರೆ ಒಳ್ಳೆಯದು ಎಂದು ಮೊದಲೇ ಹಚ್ಚಿಬಿಡುತ್ತಾರೆ.

ಅಂಟನ್ನು ಬಿರುಕಿನ ತಳದವರೆಗೆ ಇಳಿಸುವುದೇ ಕೈಚಳಕ. ಮೇಲೆ ಮೇಲೆ ಸವರಿದರೆ ಬಾಯಿ ಮುಚ್ಚುತ್ತದೆ, ಹೊಟ್ಟೆ ಖಾಲಿ ಉಳಿಯುತ್ತದೆ. ಔಷಧ ಅಂಗಡಿಯಲ್ಲಿ ಒಂದು ಸಿರಿಂಜ್ ಕೊಳ್ಳಿ, ದಪ್ಪ ಸೂಜಿಯದು. ಬಿಳಿ ಅಂಟಿಗೆ ನಾಲ್ಕೈದು ಹನಿ ನೀರು ಬೆರೆಸಿ ಸಿರಿಂಜಿಗೆ ತುಂಬಿ. ಬಿರುಕನ್ನು ಒಂದು ತೆಳು ಐಸ್‌ಕ್ರೀಮ್ ಕಡ್ಡಿಯಿಂದ ಮೆಲ್ಲಗೆ ಅಗಲಿಸಿ ಹಿಡಿದು ಒಳಗಿನಿಂದ ಹೊರಕ್ಕೆ ತುಂಬುತ್ತಾ ಬನ್ನಿ. ಜೋರು ಮಾಡಿ ಅಗಲಿಸಿದರೆ ಸೀಳು ಬೆಳೆಯುತ್ತದೆ. ಸಿರಿಂಜ್ ಇಲ್ಲವೇ? ಹೊಲಿಗೆ ದಾರವನ್ನು ಅಂಟಿನಲ್ಲಿ ಅದ್ದಿ ಬಿರುಕಿನೊಳಗೆ ಹಿಂದೆ ಮುಂದೆ ಎಳೆಯಿರಿ, ಅಂಟು ತಾನೇ ಇಳಿಯುತ್ತದೆ. ಎಪಾಕ್ಸಿ ಬಳಸುವುದಾದರೆ ಎರಡು ಟ್ಯೂಬಿನಿಂದಲೂ ಸಮ ಸಮ ಹಿಂಡಿ, ಹಳೆಯ ಟೈಲ್ಸ್ ಚೂರಿನ ಮೇಲೆ ಚೆನ್ನಾಗಿ ಕಲಸಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಕೆಲವರ ಚರ್ಮಕ್ಕೆ ಅದು ಆಗಿಬರುವುದಿಲ್ಲ.

ಮುಂದಿನದು ಒತ್ತಡ. ಸಿ-ಕ್ಲ್ಯಾಂಪ್, ಅಂದರೆ ತಿರುಪು ತಿರುಗಿಸಿ ಬಿಗಿ ಮಾಡುವ ಕಬ್ಬಿಣದ ಹಿಡಿಕೆ, ನಿಮ್ಮೂರಿನ ಬಡಿಗೇರರ ಹತ್ತಿರ ಇರುತ್ತದೆ, ಒಂದು ರಾತ್ರಿಗೆ ಕೇಳಿದರೆ ಕೊಟ್ಟಾರು. ಕಬ್ಬಿಣ ನೇರ ತಾಗಿದರೆ ವಿಲೋ ತಗ್ಗು ಬೀಳುತ್ತದೆ, ನಡುವೆ ಪ್ಲೈವುಡ್ ಚೂರು ಇಡಿ. ಪ್ಲೈವುಡ್ ಬ್ಯಾಟಿಗೆ ಅಂಟಿಕೊಳ್ಳದಂತೆ ಹಾಲಿನ ಪ್ಯಾಕೆಟ್ಟಿನ ಹಾಳೆ ಹಾಕಿ. ಕ್ಲ್ಯಾಂಪ್ ಸಿಗದಿದ್ದರೆ ಹಳೆಯ ಸೈಕಲ್ ಟ್ಯೂಬ್ ಸಾಕು. ನನ್ನನ್ನು ಕೇಳಿದರೆ ಮನೆ ಕೆಲಸಕ್ಕೆ ಅದೇ ಮೇಲು. ಟ್ಯೂಬನ್ನು ಒಂದು ಇಂಚು ಅಗಲದ ಉದ್ದ ಪಟ್ಟಿಯಾಗಿ ಕತ್ತರಿಸಿ, ಹಾಲಿನ ಹಾಳೆ ಸುತ್ತಿದ ಬ್ಯಾಟಿನ ಮೇಲೆ ಜಗ್ಗಿ ಜಗ್ಗಿ ಸುತ್ತಿ. ಪ್ರತಿ ಸುತ್ತೂ ಹಿಂದಿನದರ ಮೇಲೆ ಬಿಗಿಯುತ್ತಾ ಹೋಗುತ್ತದೆ, ಎಲ್ಲ ಕಡೆ ಒತ್ತಡ ಸಮ ಬೀಳುತ್ತದೆ. ಸುತ್ತುವ ಮುಂಚೆ ಒಮ್ಮೆ ಕೈಯಲ್ಲಿ ಒತ್ತಿ ನೋಡಿ. ಬಿರುಕಿನ ಗುಂಟ ಅಂಟಿನ ಸಣ್ಣ ಸಾಲು ಹೊರಗೆ ಉಕ್ಕಬೇಕು. ಉಕ್ಕದಿದ್ದರೆ ಒಳಗೆ ಅಂಟು ಕಡಿಮೆ. ಉಕ್ಕಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಿ.

ಆಮೇಲೆ 24 ತಾಸು ಮುಟ್ಟಬೇಡಿ. ನಾಳೆ ಬೆಳಿಗ್ಗೆ ಮ್ಯಾಚ್ ಇದೆ ಎಂದರೂ ಅಷ್ಟೇ, ಪಕ್ಕದ ಓಣಿಯವರ ಬ್ಯಾಟ್ ಕೇಳಿ. ಮುಟ್ಟಿದರೆ ಒಣಗಿದ ಹಾಗೆ ಕಾಣುವ ಅಂಟು ಒಳಗೆ ಇನ್ನೂ ಹಸಿಯಾಗಿರುತ್ತದೆ.

ಚಕ್ಕೆ ಹಾರಿ ಗುಂಡಿ ಬಿದ್ದಲ್ಲಿ ಏನು ಮಾಡುವುದು? ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಗೊಂಬೆಯ ಬಿಡಿ ಭಾಗಗಳನ್ನು ಹುಣಸೆ ಅಂಟಿನಿಂದ ಕೂಡಿಸುತ್ತಾರೆ. ನೆನೆಸಿ ಒಣಗಿಸಿ ಪುಡಿ ಮಾಡಿದ ಸೆಣಬಿನ ಚಿಂದಿ, ಕಟ್ಟಿಗೆಯ ಪುಡಿ, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಎಂಬ ಮುದ್ದೆ ಮಾಡಿಕೊಂಡು ಕೆಲಸಕ್ಕೆ ಬಳಸುತ್ತಾರೆ. ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ, ಪಡೆದ ಕಲೆ ಅದು. ಹುಣಸೆ ಅಂಟು ಬ್ಯಾಟಿಗೆ ಆಗುವುದಿಲ್ಲ, ನೀರು ತಾಗಿದರೆ ಕರಗುತ್ತದೆ, ಪೆಟ್ಟಿಗೂ ತಾಳದು. ಉಪಾಯ ಮಾತ್ರ ಅದೇ. ಬ್ಯಾಟಿನ ಬೆನ್ನಿನ ಮೇಲೆ ಸ್ಯಾಂಡ್‌ಪೇಪರ್, ಅಂದರೆ ಮರಳು ಕಾಗದ, ತಿಕ್ಕಿ ಅದರದೇ ಪುಡಿ ತೆಗೆದುಕೊಳ್ಳಿ. ಅದನ್ನು ಎಪಾಕ್ಸಿಗೆ ಕಲಸಿ, ಚಪಾತಿ ಹಿಟ್ಟಿನ ಹದಕ್ಕಿಂತ ಸ್ವಲ್ಪ ಸಡಿಲ ಮಾಡಿ ಗುಂಡಿಗೆ ಒತ್ತಿ. ಮೇಲ್ಮೈಗಿಂತ ಕೊಂಚ ಉಬ್ಬಿರಲಿ, ಆಮೇಲೆ ತಿಕ್ಕಿ ಸಮ ಮಾಡಬಹುದು. ಹೆಬ್ಬೆರಳಿನ ಅಗಲಕ್ಕಿಂತ ದೊಡ್ಡ ಗುಂಡಿಗೆ ಇದು ಸಾಲದು. ಅಲ್ಲಿ ಹಳೆಯ ಬ್ಯಾಟಿನಿಂದ ಕೊಯ್ದ ವಿಲೋ ತುಂಡನ್ನು ಕೂರಿಸಬೇಕು, ಅದು ಬಡಿಗೇರರ ಕೈಯ ಕೆಲಸ.

ಅಂಟು ಗಟ್ಟಿಯಾದ ಮೇಲೆ ತಿಕ್ಕುವ ಕೆಲಸ. ಮರಳು ಕಾಗದದ ಹಿಂದೆ ನಂಬರ್ ಇರುತ್ತದೆ, ನಂಬರ್ ಹೆಚ್ಚಿದಷ್ಟೂ ನುಣುಪು. 100 ನಂಬರಿನಿಂದ ಶುರು ಮಾಡಿ 220ಕ್ಕೆ ಮುಗಿಸಿ. ಎಳೆಯ ಗುಂಟವೇ ತಿಕ್ಕಿ, ಅಡ್ಡ ತಿಕ್ಕಿದರೆ ಗೀರು ಉಳಿಯುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಈಗ ಎಣ್ಣೆಯ ಸರದಿ. ಬ್ಯಾಟಿಗೆ ಹಚ್ಚುವ ‘ಲಿನ್ಸೀಡ್ ಆಯಿಲ್’ ಎಂದರೆ ಬೇರೇನಲ್ಲ, ನಮ್ಮ ಅಗಸಿ ಎಣ್ಣೆ. ಚಟ್ನಿಪುಡಿಗೆ ಹುರಿಯುವ ಅದೇ ಅಗಸಿಯದು. ಗಾಣದಲ್ಲಿ ತೆಗೆಸಿದ ಹಸಿ ಎಣ್ಣೆ ಸಿಕ್ಕರೆ ಅದೇ ಶ್ರೇಷ್ಠ. ಪೇಂಟ್ ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಎಂದು ಸಿಗುವುದರಲ್ಲಿ ಬೇಗ ಒಣಗಿಸುವ ರಾಸಾಯನಿಕ ಸೇರಿರುತ್ತದೆ, ಅದು ಬಣ್ಣದ ಕೆಲಸಕ್ಕೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಆಗದೇ ಎಂದು ಕೇಳಬಹುದು. ಆಗದು. ಅಗಸಿ ಎಣ್ಣೆ ಗಾಳಿ ತಾಗಿದಂತೆ ಗಟ್ಟಿಯಾಗಿ ತೆಳು ಪದರವಾಗುತ್ತದೆ. ಇವು ಗಟ್ಟಿಯಾಗದೆ ಮರದೊಳಗೆ ಎಣ್ಣೆಯಾಗಿಯೇ ಕೂತು ಬ್ಯಾಟಿನ ತೂಕ ಹೆಚ್ಚಿಸುತ್ತವೆ. ಒಂದು ಚಹಾ ಚಮಚ ಎಣ್ಣೆಯನ್ನು ಬಟ್ಟೆಯಿಂದ ಮುಖಕ್ಕೆ, ಅಂಚಿಗೆ, ತುದಿಗೆ ತೆಳ್ಳಗೆ ಸವರಿ, ಬ್ಯಾಟನ್ನು ಒಂದು ದಿನ ಅಡ್ಡ ಮಲಗಿಸಿ. ನಿಲ್ಲಿಸಿದರೆ ಎಣ್ಣೆ ಪೂರ್ತಿ ತುದಿಗೆ ಇಳಿಯುತ್ತದೆ. ಹಿಡಿಗೆ ಮತ್ತು ಕೂಡಿಕೆಯ ‘ವಿ’ ಗೆರೆಗೆ ತಾಗಿಸಬೇಡಿ, ಅಲ್ಲಿನ ಅಂಟು ಬಿಟ್ಟೀತು. ಪಾಲಿಶ್ ಹಚ್ಚಿ ಹೊಳೆಯುವ ಟೆನಿಸ್ ಬಾಲ್ ಬ್ಯಾಟುಗಳಿಗೆ ಎಣ್ಣೆ ಇಳಿಯುವುದೇ ಇಲ್ಲ, ತಿಕ್ಕಿದ ಜಾಗಕ್ಕೆ ಮಾತ್ರ ಹಚ್ಚಿ. ಇನ್ನು ಎಣ್ಣೆ ಬಟ್ಟೆಯ ವಿಷಯ. ಅದನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

ಟೇಪ್ ಕೊನೆಗೆ. ಇನ್ಸುಲೇಷನ್ ಟೇಪ್ ರಬ್ಬರಿನ ಹಾಗೆ ಹಿಗ್ಗುತ್ತದೆ, ಬಿಗಿ ಕೊಡುವುದಿಲ್ಲ. ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಫೈಬರ್ ಟೇಪ್ ಕೇಳಿ, ಒಳಗೆ ಗಾಜಿನ ನೂಲು ಓಡಿರುವುದು. ಅಂಚಿನ ಮೇಲೆ ಒಂದೇ ಪದರ ಸಾಕು. ನಿಯಮದ ಪ್ರಕಾರ ಬ್ಲೇಡಿನ ಮೇಲಿನ ಹೊದಿಕೆ 1 ಮಿಲಿಮೀಟರ್ ದಪ್ಪ ಮೀರುವಂತಿಲ್ಲ. ತುದಿಗೆ ರಬ್ಬರ್ ಕಾವಲು ಹಾಕಬಹುದು. ಟ್ಯೂಬಿನ ತುಂಡನ್ನು ತುದಿಯ ಆಕಾರಕ್ಕೆ ಕತ್ತರಿಸಿ, ಚಪ್ಪಲಿಗೆ ಹಚ್ಚುವ ಹಳದಿ ಅಂಟನ್ನು ರಬ್ಬರಿಗೂ ಮರಕ್ಕೂ ಸವರಿ, ಹತ್ತು ಹದಿನೈದು ನಿಮಿಷ ಒಣಗಲು ಬಿಟ್ಟು, ಆಮೇಲೆ ಒತ್ತಿ. ಹಸಿ ಇರುವಾಗಲೇ ಒತ್ತಿದರೆ ಹಿಡಿಯುವುದಿಲ್ಲ.

ಮೊದಲ ದಿನವೇ ಸಿಕ್ಸರ್ ಹೊಡೆಯಲು ಹೋಗಬೇಡಿ. ಹಳೆಯ ಚೆಂಡನ್ನು ಕಾಲುಚೀಲದಲ್ಲಿ ಹಾಕಿ, ಅಥವಾ ಮರದ ಕೊಡತಿಯಿಂದ, ರಿಪೇರಿಯಾದ ಜಾಗದ ಸುತ್ತ ಮೆಲ್ಲಗೆ ಕುಟ್ಟಿ. ಸದ್ದು ಗಟ್ಟಿಯಾಗಿ ಬಂದರೆ ಟೆನಿಸ್ ಚೆಂಡಿನಲ್ಲಿ ಆಡಿ ನೋಡಿ. ಕಾರ್ಕ್ ಚೆಂಡಿಗೆ ಈ ಬ್ಯಾಟನ್ನು ಇನ್ನು ಒಡ್ಡದಿರುವುದೇ ವಾಸಿ.

ಹಿಡಿ ಸಡಿಲಾದದ್ದಕ್ಕೆ ಮನೆಯಲ್ಲಿ ಮಾಡಬಹುದಾದದ್ದು ಕಡಿಮೆ. ಗ್ರಿಪ್ ಕಳಚಿ, ‘ವಿ’ ಗೆರೆಯಲ್ಲಿ ಸಂದು ಕಂಡರೆ ಸಿರಿಂಜಿನಿಂದ ತೆಳು ಎಪಾಕ್ಸಿ ಬಿಟ್ಟು ಟ್ಯೂಬ್ ಸುತ್ತಿ ಒಂದು ದಿನ ಇಡಿ. ಬೆತ್ತ ಸೀಳಿದ್ದರೆ ಅಂಟು ತುಂಬಿ, ಮೇಣ ಸವರಿದ ಹೊಲಿಗೆ ದಾರವನ್ನು ಸುತ್ತಿಗೆ ಸುತ್ತು ತಾಗುವಂತೆ ಬಿಗಿಯಾಗಿ ಸುತ್ತಿ, ಮೇಲೆ ಹೊಸ ಗ್ರಿಪ್ ಏರಿಸಿ. ಬೆತ್ತ ಪೂರ್ತಿ ಮುರಿದಿದ್ದರೆ ಹೊಸ ಹಿಡಿ ಕೂರಿಸಬೇಕು. ಹಳೆಯದನ್ನು ಕೊರೆದು ತೆಗೆದು ಬೆಣೆಯ ಅಳತೆ ಕೂದಲೆಳೆ ತಪ್ಪದಂತೆ ಕೆತ್ತುವ ಆ ಕೆಲಸ ಅನುಭವಸ್ಥರದು. ಬಿಹಾರದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಬಡಗಿ ರಾಮ್ ಭಂಡಾರಿ ಇಂಥ ಕೈಚಳಕದಿಂದಲೇ ದ್ರಾವಿಡ್, ತೆಂಡೂಲ್ಕರ್ ಅವರ ಬ್ಯಾಟುಗಳನ್ನು ಸರಿ ಮಾಡಿ ‘ಬ್ಯಾಟ್ ಡಾಕ್ಟರ್’ ಎನಿಸಿಕೊಂಡರು. ಅಷ್ಟು ದುಬಾರಿ ಬ್ಯಾಟ್ ಇರುವವರೂ ಎಸೆಯುವ ಮುಂಚೆ ರಿಪೇರಿಗೆ ಕೊಡುತ್ತಾರೆ ಅನ್ನುವುದನ್ನು ಗಮನಿಸಿ.

ಖರ್ಚಿನ ಲೆಕ್ಕ ಹೀಗಿದೆ. ನೂರು ಗ್ರಾಂ ಬಿಳಿ ಅಂಟಿನ ಡಬ್ಬಿ ಐವತ್ತು ರೂಪಾಯಿ ಆಸುಪಾಸು. ಎಪಾಕ್ಸಿಯ ಸಣ್ಣ ಜೋಡಿ ನೂರರ ಹತ್ತಿರ. ಮರಳು ಕಾಗದ ಎರಡು ಹಾಳೆ, ಸಿರಿಂಜ್ ಸೇರಿ ಐವತ್ತರೊಳಗೆ. ಟ್ಯೂಬನ್ನು ಪಂಕ್ಚರ್ ಅಂಗಡಿಯವರು ಪುಕ್ಕಟೆ ಕೊಟ್ಟಾರು. ಇವೆಲ್ಲ ತಾವರಗೇರಾದಲ್ಲೇ ಸಿಗುವಂಥವು. ಫೈಬರ್ ಟೇಪ್, ಗ್ರಿಪ್ ಇಲ್ಲಿ ಸಿಗದಿದ್ದರೆ ಕುಷ್ಟಗಿ, ಗಂಗಾವತಿ ಕಡೆ ಹೋದಾಗ ತನ್ನಿ. ಒಂದೇ ಡಬ್ಬಿಯಲ್ಲಿ ನಾಲ್ಕೈದು ಬ್ಯಾಟ್ ಆಗುವುದರಿಂದ ತಂಡದವರು ಸೇರಿ ಕೊಂಡರೆ ಇನ್ನೂ ಅಗ್ಗ. ಎಂಟುನೂರು ರೂಪಾಯಿಯ ಬ್ಯಾಟಿಗೆ ಬಡಿಗೇರರ ಕೂಲಿ ನಾಲ್ಕುನೂರು ದಾಟುವಂತಿದ್ದರೆ ರಿಪೇರಿ ಬೇಡ, ಹೊಸದನ್ನೇ ಕೊಳ್ಳಿ.

ಹಾಗೆ ಕೈಬಿಟ್ಟ ಬ್ಯಾಟಿನ ತುದಿಯಷ್ಟೇ ಹಾಳಾಗಿದ್ದರೆ, ಸೀಳಿದ ಎರಡು ಮೂರು ಇಂಚನ್ನು ಗರಗಸದಿಂದ ಕೊಯ್ಯಿಸಿ, ಮೂಲೆಗಳನ್ನು ದುಂಡಗೆ ತಿಕ್ಕಿಸಿ. ಹಿಡಿಯ ಮೇಲ್ತುದಿಯನ್ನೂ ಅಷ್ಟೇ ಕುಗ್ಗಿಸಿದರೆ ಎಂಟು ಹತ್ತು ವರ್ಷದ ಹುಡುಗರಿಗೆ ಟೆನಿಸ್ ಬಾಲ್ ಆಡಲು ಸರಿಹೋಗುತ್ತದೆ. ಕೊಯ್ದ ತುದಿಯಲ್ಲಿ ಎಳೆಯ ಬಾಯಿ ತೆರೆದಿರುತ್ತದೆ. ಅಲ್ಲಿಗೆ ನೀರು ಬೆರೆಸಿದ ಫೆವಿಕಾಲ್ ಎರಡು ಸಲ ಸವರುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮೊದಲ ಮಳೆಗೇ ಪಸೆ ಹೀರಿ ಮತ್ತೆ ಉಬ್ಬುತ್ತದೆ.